ಬೆಳಗಿನ ಅಂಕಿ

ಆ ಶನಿವಾರವೂ ನಾನು ಐದು ಗಂಟೆಗೆ ಎದ್ದೆ. ಹಾಲು ಕಾಯಲಿಟ್ಟು, ಇವರ ಮಾತ್ರೆಗಳನ್ನು ಡಬ್ಬಿಯಿಂದ ಪುಟ್ಟ ತಟ್ಟೆಗೆ ಸುರಿದು, ಐದೂವರೆಗೆ ಸರಿಯಾಗಿ ಸಂಪಿನ ಮೋಟಾರ್ ಹಾಕಿದೆ. ನಮ್ಮ ಮೋಟಾರ್ ಹಳೆಯದು. ಟ್ಯಾಂಕ್ ತುಂಬುವ ಇಪ್ಪತ್ತು ನಿಮಿಷ ಮನೆಯೊಳಗೆ ಬೇರೆ ಯಾವ ಸದ್ದೂ ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ಏನಾದರೂ ಬೇಕೆಂದರೆ ನಮ್ಮ ಯಜಮಾನರು ಕೂಗುವುದಿಲ್ಲ. ಮಲಗಿದಲ್ಲಿಂದಲೇ ಟಾರ್ಚಿನ ಬೆಳಕನ್ನು ಅಡುಗೆಮನೆಯ ಗೋಡೆಯ ಮೇಲೆ ಆಡಿಸುತ್ತಾರೆ. ಅದಾದ ಮೇಲೆ ಎರಡು ಇಡ್ಲಿ, ಅಳೆದು ಕೊಡುವ ಅರ್ಧ ಲೋಟ ಕಾಫಿ, ಇಸ್ತ್ರಿ ಮಾಡಿದ ಸಡಿಲ ತೋಳಿನ ಅಂಗಿ.

ಮಂಗಳವಾರ, ಗುರುವಾರ, ಶನಿವಾರ ಇವರಿಗೆ ಡಯಾಲಿಸಿಸ್. ಏಳು ಗಂಟೆಗೆ ಹಾಸಿಗೆಯ ಮೇಲಿರಬೇಕು. ಹತ್ತು ನಿಮಿಷ ತಡವಾದರೆ ಯಂತ್ರದಲ್ಲಿ ಹತ್ತು ನಿಮಿಷ ಕಡಿಮೆ, ಏಕೆಂದರೆ ಹನ್ನೊಂದಕ್ಕೆ ಅದೇ ಹಾಸಿಗೆಗೆ ಇನ್ನೊಬ್ಬರು ಬಂದು ಕಾಯುತ್ತಿರುತ್ತಾರೆ.

ನಮ್ಮ ಪೋರ್ಟಿಕೋದಲ್ಲಿ ಈಗ ವೀಲ್‌ಚೇರಿನ ಇಳಿಜಾರು ಇದೆ. ಹಾಗಾಗಿ ಕಾರನ್ನು ಪಕ್ಕದ ಬಂಗಲೆಯ ಹಿಂದಿನ ಗೇಟಿನೊಳಗೆ ನಿಲ್ಲಿಸುತ್ತೇವೆ. ಇಂದಿರಾನಗರದ ನಮ್ಮ ರಸ್ತೆಯ ಉಳಿದ ಬಂಗಲೆಗಳ ಹಾಗೆ ಅದೂ ಆಫೀಸಾಗಿದೆ. ಹಿತ್ತಲ ಔಟ್‌ಹೌಸಿನಲ್ಲಿ ವಾಚ್‌ಮನ್ ಮತ್ತು ಅವನ ಹೆಂಡತಿ ಶರಣಮ್ಮ ಇದ್ದಾರೆ, ಕಲಬುರಗಿ ಕಡೆಯವರು. ಅವನದು ಮುಂದಿನ ಗೇಟಿನಲ್ಲಿ ರಾತ್ರಿಪಾಳಿ. ಅವಳು ನಮ್ಮ ರಸ್ತೆಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಕಾರಿಗೂ ಅವಳ ಕಿಟಕಿಗೂ ಎರಡು ಮಾರು ದೂರ.

ಆರೂವರೆಗೆ ಹೋದಾಗ ಬಾನೆಟ್ಟಿನ ಮೇಲೆ ಬೀದಿಯ ಬೂದು ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು. ಮಾಗಿಯ ಚಳಿ. ಗಾಜಿನ ಮೇಲೆ, ಛಾವಣಿಯ ಮೇಲೆ, ಪಕ್ಕದ ಸ್ಕೂಟರಿನ ಸೀಟಿನ ಮೇಲೆ ಇಬ್ಬನಿ ಕೂತಿತ್ತು. ಬಾನೆಟ್ಟಿನ ನಡುವೆ ಮಾತ್ರ ಇರಲಿಲ್ಲ. ಬೆಕ್ಕನ್ನು ಎಬ್ಬಿಸಿ ಅದು ಮಲಗಿದ್ದಲ್ಲಿ ಕೈಯಿಟ್ಟೆ. ಸ್ವಲ್ಪ ಬೆಚ್ಚಗಿತ್ತು. ಬೆಕ್ಕಿನ ಮೈ ಶಾಖವಿರಬೇಕು ಎಂದುಕೊಂಡೆ.

ಆಮೇಲೆ ಒಳಗೆ ಕೂತು, ಕಿಟಕಿಯ ಗಾಜು ಇಳಿಸಿ, ಕೀಲಿ ತಿರುಗಿಸಿ, ಇಂಜಿನ್ನಿನ ಟಿಕ್ ಟಿಕ್ ಎಣಿಸಲು ಕಾದೆ. ಎಣಿಸಲು ಏನೂ ಇರಲಿಲ್ಲ. ಇಂಜಿನ್ ಮೊದಲ ಕ್ಷಣದಿಂದಲೇ ಮೆತ್ತಗೆ ಓಡಿತು. ಹಿಂದಿನ ಐದು ಸಲವೂ ಹೀಗೇ ಆಗಿತ್ತು.

ಕೀಲಿ ತಿರುಗಿಸಿ ಎಣಿಸುವುದನ್ನು ನನಗೆ ಕಲಿಸಿದವರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಮೇಸ್ತ್ರಿ ಎನ್ನುತ್ತಿದ್ದೆವು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಎರಡು ಕಾರು ಹಿಡಿಸುವ ಒಂದು ಗ್ಯಾರೇಜು. ಮನೆ ಕೆ.ಆರ್. ಪುರಂನ ಆಚೆ, ಊರು ನುಂಗಿದ ಒಂದು ಹಳ್ಳಿಯಲ್ಲಿ. ಗ್ಯಾರೇಜಿನ ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಒಂದು ಪಟ ಬಿಟ್ಟರೆ ಬೇರೆ ಅಲಂಕಾರವಿಲ್ಲ. ರೇಡಿಯೋ ಇಲ್ಲ. ಜೊತೆಗೆ ಕೆಲಸಕ್ಕೆ ಯಾರನ್ನೂ ಇಟ್ಟುಕೊಂಡವರಲ್ಲ. ಯಾಕೆಂದು ಕೇಳಿದರೆ, "ಪಕ್ಕದಲ್ಲಿ ಉಸಿರಾಡೋರಿದ್ರೆ ಇಂಜಿನ್ ಮಾತು ಕೇಳ್ಸಲ್ಲ ಅಮ್ಮ" ಎನ್ನುತ್ತಿದ್ದರು.

ಎತ್ತರದ ಸಣಕಲು ಮೈ. ಒಗೆದು ಒಗೆದು ತೆಳ್ಳಗಾದ ಖಾಕಿ ಅಂಗಿ, ಹೆಗಲ ಮೇಲೆ ಯಾವಾಗಲೂ ಹಳೆಯ ಬಿಳಿ ಪಂಚೆಯ ಚೂರು. ರಬ್ಬರ್ ಚಪ್ಪಲಿ ಹಾಕಿಕೊಂಡು ಅವರು ನಡೆದರೆ ಸದ್ದೇ ಇರುತ್ತಿರಲಿಲ್ಲ. ನಾನು ಎಷ್ಟೋ ಸಲ ಕಾಫಿಪುಡಿ ತರಲೆಂದು ಬಾಗಿಲು ತೆರೆದಾಗ ಅವರು ನಮ್ಮ ಕಾರಿನ ಪಕ್ಕ ತಲೆ ವಾಲಿಸಿ ನಿಂತಿರುತ್ತಿದ್ದರು. ಬೆಲ್ ಮಾಡಿರುತ್ತಿರಲಿಲ್ಲ. ಬಂದು ಎಷ್ಟು ಹೊತ್ತಾಯಿತೆಂದು ಹೇಳುತ್ತಿರಲಿಲ್ಲ.

ಒಂದು ಸಲ ಕೇಳಿಯೇಬಿಟ್ಟೆ. "ಕಾರು ನಿಂತಿದೆಯಲ್ಲ ಮೇಸ್ತ್ರಿ, ಏನು ಕೇಳಿಸ್ಕೋತಾ ಇದ್ದೀರಿ?"

"ನಿಂತ ಇಂಜಿನ್‌ಗೂ ಸದ್ದಿರತ್ತೆ ಅಮ್ಮ. ಆಯಿಲ್ ಕೆಳಗಿಳೀತಾ ಇರತ್ತೆ. ತೊಟ್ಟು ತೊಟ್ಟಾಗಿ. ರಾತ್ರಿ ಎಲ್ಲಾ ಇಳೀತದೆ. ಬೆಳಗ್ಗೆ ಹೊತ್ತಿಗೆ ಮೇಲ್ಗಡೆ ಎಲ್ಲಾ ಒಣಗಿರತ್ತೆ." ಆಮೇಲೆ, "ಮನುಷ್ಯರಿಗೂ ಬೆಳಗಿನ ಜಾವವೇ ಕಷ್ಟ ಅಲ್ವಾ?" ಎಂದರು.

ಅವರು ಹೋದ ಮೇಲೆ ನಾನೂ ಬಾನೆಟ್ಟಿಗೆ ಕಿವಿ ಕೊಟ್ಟು ನಿಂತೆ. ಏನೂ ಕೇಳಿಸಲಿಲ್ಲ. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾದಾಗ ಏನೋ ಇಳಿಯುತ್ತಿದೆ ಅನ್ನಿಸಿತ್ತು.

ಅವರು ಆಯಿಲ್ ನೋಡುವುದೇ ನೋಡಬೇಕಾಗಿತ್ತು. ಇಂಜಿನ್ನಿನೊಳಗಿನ ಉದ್ದನೆಯ ಕಡ್ಡಿಯನ್ನು ಎಳೆದು, ಬಿಳಿ ಬಟ್ಟೆಗೆ ಒರೆಸಿ, ಮತ್ತೆ ಅದ್ದಿ, ತುದಿಯ ಹನಿಯನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ಒತ್ತಿ ಬಿಡುತ್ತಿದ್ದರು. ಆ ಹೊತ್ತಿನಲ್ಲಿ ಕಣ್ಣು ಅರೆಮುಚ್ಚಿರುತ್ತಿತ್ತು. ಮೊದಲ ಸಲ ನೋಡಿದಾಗ ನನಗೆ ನಗು ಬಂತು.

"ನಾವು ಮೈಸೂರು ಪಾಕಿಗೆ ಎಳೆ ನೋಡೋದೂ ಹಿಂಗೇ ಮೇಸ್ತ್ರಿ."

"ಎಳೆ ಅಂದ್ರೇನಮ್ಮ?"

ಸಕ್ಕರೆ ಪಾಕ ಕುದಿಯುವಾಗ ಒಂದು ಹನಿ ಬೆರಳಲ್ಲಿ ಹಿಡಿದು ಎಳೆದರೆ ದಾರದ ಹಾಗೆ ಬರಬೇಕು, ಒಂದೆಳೆ ಬಂದಾಗ ಹಿಟ್ಟು ಹಾಕಬೇಕು ಎಂದು ಹೇಳಿದೆ.

"ಎಳೆ ಜಾಸ್ತಿ ಬಂದ್ಬಿಟ್ರೆ?"

"ಕಲ್ಲಾಗತ್ತೆ. ನಮ್ಮತ್ತೆ ಹಲ್ಲಿನ ಸೆಟ್ ತೆಗೆದಿಟ್ಟು ಬೈಯೋರು."

"ಕಮ್ಮಿ ಆದ್ರೆ?"

"ನಿಲ್ಲಲ್ಲ. ತಟ್ಟೆ ತುಂಬಾ ಹರಿಯತ್ತೆ."

"ಅಷ್ಟೇ ಅಮ್ಮ ನಮ್ಮ ಕೆಲಸಾನೂ. ನೀವು ಗ್ಯಾರೇಜ್ ತೆಗೀಬಹುದು, ನಾನು ಬೇಕಾದ್ರೆ ಮೈಸೂರು ಪಾಕ್ ಮಾಡ್ತೀನಿ."

ಆಮೇಲೆ ಆಯಿಲ್ ಡಬ್ಬದ ಮೇಲಿನ ಎರಡು ಅಂಕಿಗಳನ್ನು ತೋರಿಸಿದರು. ನಮ್ಮ ಕಾರಿನ ಪುಸ್ತಕದಲ್ಲಿ ಬರೆದಿದ್ದೂ ಅದೇ, ಐದು-ಮೂವತ್ತು. "ಮೊದಲನೇದು ಬೆಳಗಿನ ಅಂಕಿ ಅಮ್ಮ. ಇಂಜಿನ್ ತಣ್ಣಗಿರೋವಾಗ ಆಯಿಲ್ ಎಷ್ಟು ದಪ್ಪ ಅಂತ. ಎರಡನೇದು ಮಧ್ಯಾಹ್ನದ್ದು, ಕಾದ ಮೇಲೆ ಎಷ್ಟು ದಪ್ಪ ಉಳ್ಕೊಳತ್ತೆ ಅಂತ. ಇಂಜಿನ್ ಮುದಿಯಾಗಿ ಆಯಿಲ್ ಕುಡಿಯೋಕೆ ಶುರು ಮಾಡಿದ್ರೆ ಮಧ್ಯಾಹ್ನದ ಅಂಕಿ ಒಂದು ಮೆಟ್ಲು ಏರಿಸಬಹುದು. ಬೆಳಗಿನದ್ದು ಮುಟ್ಟಬೇಡಿ. ಯಾರು ಏನೇ ಹೇಳಿದ್ರೂ ಮುಟ್ಟಬೇಡಿ. ಬೆಳಗ್ಗೆ ಆಯಿಲ್ ತೆಳ್ಳಗಿದ್ರೇನೇ ಓಡಿ ಮೇಲಕ್ಕೆ ಹತ್ತೋದು. ಹತ್ತೋವರೆಗೂ ಕಬ್ಬಿಣ ಕಬ್ಬಿಣಾನ ತಿಂತಾ ಇರತ್ತೆ."

ಆ ಮಾತನ್ನು ನಾನು ಮರೆತೆನೆಂದಲ್ಲ. ನನ್ನೊಳಗಿನ ಅಡುಗೆಯವಳು ಅದನ್ನು ಮೀರಿದಳು, ಅಷ್ಟೇ.

ಎರಡು ವರ್ಷದ ಹಿಂದೆ ಮೇಸ್ತ್ರಿ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಕೋಲಾರದ ಕಡೆ ಹೋಗಿ ಒಂದು ತಿಂಗಳು ಬರಲಿಲ್ಲ. ಆಗಲೇ ಕಾರಿನಲ್ಲಿ ಆಯಿಲಿನ ಕೆಂಪು ದೀಪ ಮಿನುಗಿತು. ರಸೆಲ್ ಮಾರುಕಟ್ಟೆಗೆ ಹೋಗಿದ್ದವಳು ಶಿವಾಜಿನಗರದ ಗಲ್ಲಿಯೊಂದರ ಬಿಡಿಭಾಗಗಳ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವರು ಕಾರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಹಳೇ ಗಾಡಿ ಅಲ್ವಾ ಮೇಡಂ? ದಪ್ಪ ಆಯಿಲ್ ಹಾಕ್ಸಿ. ಇಪ್ಪತ್ತು-ಐವತ್ತು. ವಯಸ್ಸಾದೋರಿಗೆ ಪಾಯಾ ಕುಡಿಸಿದಂಗೆ, ಗಟ್ಟಿ ಇರ್ತದೆ."

ಕಾಲುಸೂಪು ಕುಡಿದವಳಲ್ಲ ನಾನು. ಆದರೆ ಬಾಣಂತಿಗೆ, ಬಳಲಿದವರಿಗೆ, ಮುದುಕರಿಗೆ ಗಟ್ಟಿಯಾದದ್ದನ್ನೇ ಬಡಿಸಿ ಬೆಳೆದವಳು. ತೆಳ್ಳಗಿನ ಸಾರು ಬಡಿಸಿದರೆ ಅದು ನಮ್ಮಲ್ಲಿ ಅವಮಾನ. ಇಷ್ಟು ವರ್ಷ ದುಡಿದ ಇಂಜಿನ್ನಿಗೆ ಒಂದಿಷ್ಟು ಪುಷ್ಟಿ ಇರಲಿ ಎಂದು ಪೂರ್ತಿ ಹಳೆಯದನ್ನು ತೆಗೆಸಿ ಅದನ್ನೇ ಹಾಕಿಸಿದೆ. ದಾರಿಯುದ್ದಕ್ಕೂ ಏನೋ ಒಳ್ಳೆಯದು ಮಾಡಿದ ಸಮಾಧಾನ.

ಮೇಸ್ತ್ರಿ ಊರಿಂದ ಬಂದ ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡುತ್ತಿದ್ದೆ. ಇಂಜಿನ್ನಿನ ತಲೆಯೊಳಗೆ ಯಾರೋ ಉಗುರಿನಿಂದ ತಟ್ಟುತ್ತಿರುವ ಹಾಗೆ ಟಿಕ್, ಟಿಕ್, ಟಿಕ್. ಹತ್ತು ಹದಿನೈದು ಸಲ ಆಗಿ ನಿಲ್ಲುತ್ತಿತ್ತು. ತಲೆಯೆತ್ತಿದರೆ ಅವರು ರಸ್ತೆಯ ತುದಿಯಲ್ಲಿ ನಿಂತುಬಿಟ್ಟಿದ್ದರು, ಬಸ್ಸಿಳಿದ ಚೀಲ ಇನ್ನೂ ಕೈಯಲ್ಲಿತ್ತು. ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

"ಅಮ್ಮ, ಇದಕ್ಕೆ ಯಾರು ಏನು ಕುಡಿಸಿದ್ರು?"

ಹೇಳಿದೆ. ಅವರು ಬೈಯಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಹಣೆ ಮುಟ್ಟುವ ಹಾಗೆ ಸ್ವಲ್ಪ ಹೊತ್ತು ನಿಂತರು. ಅಂದೇ ದಪ್ಪ ಆಯಿಲನ್ನು ತೆಗೆದು ತೆಳ್ಳಗಿನದನ್ನು ಹಾಕಿದರು. ಆದರೆ ಟಿಕ್ ಪೂರ್ತಿ ಹೋಗಲಿಲ್ಲ. ಮೂರು ಉಳಿಯಿತು. ಪ್ರತಿದಿನದ ಮೊದಲ ಸ್ಟಾರ್ಟಿನಲ್ಲಿ ಮೂರೇ ಮೂರು. ಅದೇ ದಿನ ಎರಡನೆಯ ಸಲ ಸ್ಟಾರ್ಟ್ ಮಾಡಿದರೆ ಇರುವುದಿಲ್ಲ, ಆಯಿಲ್ ಅಷ್ಟರಲ್ಲಿ ಮೇಲೇರಿರುತ್ತದೆ.

"ಸವೆದ ಕಬ್ಬಿಣ ವಾಪಸ್ ಬೆಳೆಯಲ್ಲ ಅಮ್ಮ. ಈ ಮೂರು ಇನ್ನು ನಿಮ್ಮ ಜೊತೆಗೇ ಇರತ್ತೆ. ದಿನಾ ಎಣಿಸಿ. ನಾಲ್ಕಾದ್ರೆ ನಂಗೆ ಹೇಳಿ."

"ಕಮ್ಮಿ ಆದ್ರೆ?"

"ಆಗಲ್ಲ."

ಈ ಮನುಷ್ಯನ ಕಿವಿಗೂ ಬೆರಳಿಗೂ ನಾನು ಹೆದರತೊಡಗಿದ್ದು ಇದಕ್ಕಿಂತ ಮೊದಲೇ. ಆಗಿನ್ನೂ ಕಾರು ಓಡಿಸುತ್ತಿದ್ದವರು ಇವರೇ. ಒಂದು ಸಂಜೆ ಮೇಸ್ತ್ರಿ ಚಾಲಕನ ಸೀಟಿನ ಕೆಳಗೆ ಬಗ್ಗಿ, ಪೆಡಲಿನ ರಬ್ಬರ್ ಮೇಲೆ ಬೆರಳಾಡಿಸಿ, ಹೊರಗೆ ಬಂದು ಕೈ ಒರೆಸಿಕೊಂಡರು.

"ಸಾಹೇಬ್ರಿಗೆ ಕಾಲು ಭಾರ ಆಗಿದೆ. ಮುಂಚೆ ಹಿಂಗೆ ಒತ್ತುತಾ ಇರ್ಲಿಲ್ಲ. ಕ್ಲಚ್ ಮೇಲೆ ಕಾಲು ಮಲ್ಕೊಂಡಿದೆ."

"ವಯಸ್ಸಲ್ವೇನ್ರೀ," ಎಂದು ಇವರು ನಕ್ಕರು.

"ಅಲ್ಲ ಸಾಹೇಬ್ರೆ. ತೋರಿಸ್ಕೊಳ್ಳಿ."

ಅಂದು ರಾತ್ರಿ ಇವರ ಕಾಲ್ಚೀಲ ತೆಗೆಯುವಾಗ ನೋಡಿದೆ. ಮೀನಖಂಡದ ಮೇಲೆ ಎಲಾಸ್ಟಿಕ್ಕಿನ ಗುರುತು ಬಳೆಯ ಹಾಗೆ ಇಳಿದಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು. ಕಿಡ್ನಿ ಎಂದು ಡಾಕ್ಟರು ಹೇಳಿದ್ದು ಅದಾದ ಹದಿನೈದು ದಿನಕ್ಕೆ.

ಡಯಾಲಿಸಿಸ್ ಶುರುವಾದ ಮೇಲೆ ನಾನು ಕಾರು ಕೈಗೆ ತೆಗೆದುಕೊಂಡೆ. ಮಳೆಗಾಲದಲ್ಲಿ ಒಂದು ದಿನ ಬ್ಯಾಟರಿ ಕೈಕೊಟ್ಟಿತು. ಒಂದಾದ ಮೇಲೊಂದು ಮೂರು ಕ್ಯಾಬ್‌ಗಳು ರದ್ದಾದವು. ವೀಲ್‌ಚೇರ್ ಎಂದ ಕೂಡಲೇ ಒಬ್ಬ ಹಾಗೇ ಮುಂದೆ ಹೋಗಿಬಿಟ್ಟ. ಆಸ್ಪತ್ರೆ ಮುಟ್ಟಿದಾಗ ಎಂಟು ಹತ್ತು. ಯಂತ್ರದಲ್ಲಿ ಸಿಕ್ಕಿದ್ದು ಮೂರು ಗಂಟೆಗೂ ಕಡಿಮೆ. ಸಂಜೆಯಾಗುವಷ್ಟರಲ್ಲಿ ಇವರು ಮಲಗಲು ಆಗದೆ ದಿಂಬು ಜೋಡಿಸಿಕೊಂಡು, ನೀರಿನಿಂದ ಮೇಲೆ ಬಂದವರ ಹಾಗೆ ಬಾಯಿ ತೆರೆದು ಉಸಿರಾಡುತ್ತಾ ಕೂತಿದ್ದರು. ಬ್ಯಾಟರಿ ಬದಲಿಸಲು ಬಂದ ಮೇಸ್ತ್ರಿ ಬಾಗಿಲಲ್ಲಿ ನಿಂತು ಆ ಸದ್ದನ್ನೂ ಕೇಳಿಸಿಕೊಂಡರು. ಮಾರನೆಯ ದಿನ ಬಂದು ಕಾರಿನ ಇನ್ನೊಂದು ಕೀಲಿ ಕೇಳಿ ತೆಗೆದುಕೊಂಡು ಹೋದರು. "ಒಂದು ನನ್ನ ಹತ್ರಾನೂ ಇರ್ಲಿ ಅಮ್ಮ. ಸಾಹೇಬ್ರಿಗೆ ಬೇಕಾಗೋವರೆಗೂ ಈ ಇಂಜಿನ್ ನನ್ನ ಜವಾಬ್ದಾರಿ."

ಒಮ್ಮೆ ಆಸ್ಪತ್ರೆಗೂ ಬಂದಿದ್ದರು. ಕಿತ್ತಳೆಹಣ್ಣು ತಂದಿದ್ದರು, ಇವರು ತಿನ್ನುವಂತಿಲ್ಲ ಎಂದು ತಿಳಿದು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಯಂತ್ರದ ಎದುರು ನಿಂತರು. ನರ್ಸ್ ಹುಡುಗಿ ಕೊಳವೆಗಳಲ್ಲಿ ಮೊದಲು ಬರೀ ಸಲೈನ್ ಓಡಿಸುತ್ತಿದ್ದಳು.

"ಇದ್ಯಾಕೆ ಸಿಸ್ಟರ್, ಇನ್ನೂ ಇವರಿಗೆ ಹಚ್ಚೇ ಇಲ್ಲ?"

"ಪೈಪ್ ಎಲ್ಲಾ ಮೊದ್ಲು ತುಂಬಿಸ್ಬೇಕು ಅಂಕಲ್. ಖಾಲಿ ಪೈಪ್‌ನಲ್ಲಿ ರಕ್ತ ಬಿಡೋಕಾಗತ್ತಾ?"

ಮೇಸ್ತ್ರಿ ನನ್ನ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. "ಕೇಳಿದ್ರಾ ಅಮ್ಮ? ಇವರಿಗೆ ಗೊತ್ತು. ಒಣ ಸ್ಟಾರ್ಟ್ ಮಾಡಲ್ಲ ಇವರು."

ಆಮೇಲೆ ಇವರ ಪಕ್ಕದ ಸ್ಟೂಲಿನ ಮೇಲೆ ಕೂತು ತಮ್ಮದೊಂದು ಪದ್ಧತಿ ಹೇಳಿದರು. ಹಳೆಯ ಇಂಜಿನ್ನುಗಳಿಗೆ ಅವರು ಮಾತ್ರ ಮಾಡುತ್ತಿದ್ದದ್ದು. ಪೆಟ್ರೋಲಿನ ಫ್ಯೂಸ್ ತೆಗೆದು, ಹೊತ್ತಿಕೊಳ್ಳದ ಹಾಗೆ ಇಂಜಿನ್ನನ್ನು ಎರಡು ಸಲ ಬರೀ ತಿರುಗಿಸುವುದು. ಅಷ್ಟರಲ್ಲಿ ಆಯಿಲ್ ಮೇಲೇರುತ್ತದೆ. ಆಮೇಲೆ ಫ್ಯೂಸ್ ಹಾಕಿ ಹೊತ್ತಿಸುವುದು, ಐದು ನಿಮಿಷ ಬಿಟ್ಟು ಆರಿಸುವುದು. "ದಿನಾ ಬೆಳಗ್ಗೆ ಯಾರಾದ್ರೂ ಇಷ್ಟು ಮಾಡಿಕೊಟ್ಟು, ನೀವು ಬಂದು ಎರಡನೇ ಸ್ಟಾರ್ಟ್ ಮಾಡಿದ್ರೆ, ಈ ಇಂಜಿನ್‌ಗೆ ಸಾವಿಲ್ಲ ಅಮ್ಮ."

"ಹಾಗಾದ್ರೆ ನೀವೇ ಬಂದ್ಬಿಡಿ ಬೆಳಗ್ಗೆ ಬೆಳಗ್ಗೆ," ಎಂದರು ಇವರು, ಸೂಜಿ ಚುಚ್ಚಿದ ಕೈ ಅಲ್ಲಾಡದಂತೆ ನಗುತ್ತಾ.

"ಬರೋದೇ ಸಾಹೇಬ್ರೆ," ಎಂದರು ಮೇಸ್ತ್ರಿ. ನಗಲಿಲ್ಲ.

ಇನ್ನೂ ಒಂದು ವಿಷಯ ಹೇಳಬೇಕು. ಆಯಿಲ್ ಬದಲಿಸಿದ ದಿನ ಸ್ಟೇರಿಂಗಿನ ಕೆಳಗೆ ಅವರು ಒಂದು ಚೀಟಿ ಕಟ್ಟುತ್ತಿದ್ದರು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಐದು-ಮೂವತ್ತು ಎಂದು ಬರೆದು, ಅರಿಶಿನದ ದಾರದಿಂದ ಕಟ್ಟಿದ್ದು. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಕಸೂತಿಯ ಹಿಂಬದಿ ನೋಡಿಯೇ ಅಂಕ ಕೊಡುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಚೀಟಿ ತಿರುವಿ ಓದುತ್ತಿದ್ದೆ. ಯಾರದೋ ಜ್ಯೇಷ್ಠ ಪುತ್ರಿ 'ಚ್ಯಾಷ್ಠ ಪುತ್ರಿ' ಎಂದು ತಪ್ಪಾಗಿ ಅಚ್ಚಾದದ್ದು, ಯಾವುದೋ ಕಲ್ಯಾಣಮಂಟಪದ ಅರ್ಧ ಹೆಸರು, ಆರತಕ್ಷತೆಯ ಸಮಯ.

ಬೆಕ್ಕು ಮಲಗಿದ್ದ ಆ ಶನಿವಾರಕ್ಕೆ ಮೂರು ವಾರ ಮೊದಲು, ಇನ್ನೊಂದು ಶನಿವಾರ, ಟಿಕ್ ನಾಲ್ಕಾಯಿತು. ಮತ್ತೆ ಎಣಿಸುವಂತಿಲ್ಲ, ಮೊದಲ ಸ್ಟಾರ್ಟ್ ದಿನಕ್ಕೆ ಒಂದೇ. ಮುಂದಿನ ಮಂಗಳವಾರ, ಗುರುವಾರವೂ ನಾಲ್ಕು. ಆ ವಾರದ ಶನಿವಾರ ಆಸ್ಪತ್ರೆಯಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. ಈ ಕಾರು ನಿಂತರೆ ಆಮೇಲೆ ಏನು ಎಂಬುದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

"ಐದಾಗೋಕೆ ಬಿಡಬಾರದು," ಎಂದರು ಮೇಸ್ತ್ರಿ. "ಮಂಗಳವಾರದಿಂದ ನಾನು ನೋಡ್ಕೋತೀನಿ ಅಮ್ಮ. ನೀವು ಯೋಚನೆ ಮಾಡ್ಬೇಡಿ."

ಮಂಗಳವಾರ ಕೀಲಿ ತಿರುಗಿಸಿದರೆ ಒಂದೂ ಇಲ್ಲ.

ಯಾವಾಗಲೋ ಬಂದು ಏನೋ ಸರಿಮಾಡಿ ಹೋಗಿದ್ದಾರೆ ಎಂದುಕೊಂಡೆ. ಕೀಲಿ ಅವರ ಹತ್ತಿರವಿತ್ತು. ಹೇಳದೆ ಬಂದು ಹೋಗುವುದು ಅವರಿಗೆ ಹೊಸದಲ್ಲ. ಥ್ಯಾಂಕ್ಸ್ ಹೇಳಲು ಫೋನ್ ಮಾಡಿದರೆ ಸ್ವಿಚ್ ಆಫ್. ಗುರುವಾರವೂ ಹಾಗೇ. ಟಿಕ್ ಕಮ್ಮಿ ಆಗಲ್ಲ ಎಂದಿದ್ದರಲ್ಲ, ಆಯಿತಲ್ಲ ಹೇಗೆ ಎಂದು ಕೇಳಬೇಕಿತ್ತು. ಹೀಗೆ ಎರಡು ವಾರ ಕಳೆಯಿತು.

ಬೆಕ್ಕು ಬಾನೆಟ್ಟಿನ ಮೇಲೆ ಮಲಗಿದ್ದ ಆ ಶನಿವಾರ ಇವರನ್ನು ಯಂತ್ರಕ್ಕೆ ಹಚ್ಚಿದ ಮೇಲೆ ನಾನು ಹಲಸೂರಿಗೆ ಹೋದೆ. ಕೈಯಲ್ಲಿ ಒಂದು ಡಬ್ಬಿ ಮೈಸೂರು ಪಾಕ್ ಇತ್ತು.

ಗ್ಯಾರೇಜಿನ ಶಟರ್ ಮಂಡಿಯೆತ್ತರಕ್ಕೆ ತೆರೆದಿತ್ತು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಬಿಳಿಯ ಹತ್ತಿ ಸೀರೆ, ಪಕ್ಕದಲ್ಲಿ ಬೀಗ. ನಾನು ಇಳಿಯುವ ಮೊದಲೇ ಎದ್ದು ನಿಂತರು.

"ಆಸ್ಪತ್ರೆ ಗಾಡಿ ಅಮ್ಮ ಅಲ್ವಾ ನೀವು? ಸದ್ದಿನಲ್ಲೇ ಗೊತ್ತಾಯ್ತು. ಅವರು ಹೇಳ್ತಿದ್ರು, ಇಂಜಿನ್ ಮೆತ್ತಗೆ ಹಾಡ್ದಂಗೆ ಬರತ್ತೆ ಅಂತ."

ಅವರು ಮೇಸ್ತ್ರಿಯ ಹೆಂಡತಿ. ಕೇಳುವ ಮೊದಲೇ ನನಗೆ ತಿಳಿದುಹೋಗಿತ್ತು. ಆದರೂ ಮೇಸ್ತ್ರಿ ಎಲ್ಲಿ ಎಂದು ಕೇಳಿದೆ.

"ಹೋಗ್ಬಿಟ್ರಮ್ಮ, ಈ ಸೋಮವಾರದ ಹಿಂದಿನ ಸೋಮವಾರ. ಭಾನುವಾರ ರಾತ್ರಿ ಉಂಡು ಮಲಗಿದ್ದೋರು, ಬೆಳಗ್ಗೆ ಏಳ್ಲಿಲ್ಲ. ಡಾಕ್ಟ್ರು ಹಾರ್ಟು ಅಂದ್ರು. ಫೋನು ಎಲ್ಲಿಟ್ಟವ್ರೋ, ಈಗ್ಲೂ ಸಿಕ್ಕಿಲ್ಲ. ಯಾರಿಗೆ ಅಂತ ಹೇಳೋದು ನಾನು?" ಸೆರಗಿನಿಂದ ಮೂಗು ಒರೆಸಿಕೊಂಡರು. "ಮಂಗಳವಾರದಿಂದ ಬೆಳಗ್ಗೆ ಬೇಗ ಎಲ್ಲಿಗೋ ಹೋಗ್ಬೇಕು ಅಂತ ಅಲಾರಂ ಬೇರೆ ತಂದಿದ್ರು. ಎಲ್ಲಿಗ್ರೀ ಅಂದ್ರೆ, ಒಂದು ಗಾಡಿ ಇದೆ, ಅದಕ್ಕೆ ನೀರು ಕುಡಿಸಿದಂಗೆ ಬೆಳಗ್ಗೆ ಬೆಳಗ್ಗೆ ಒಂದು ಕೆಲಸ ಇದೆ ಅಂದ್ರು. ಅದು ದಿನಾ ನಾಲ್ಕೂವರೆಗೆ ಹೊಡ್ಕೊಳ್ಳತ್ತೆ ಈಗ್ಲೂ. ನಿಲ್ಲಿಸೋಕೆ ನಂಗೆ ಬರಲ್ಲ. ಹೊಡ್ಕೊಳ್ಳಲಿ ಅಂತ ಬಿಟ್ಟಿದೀನಿ."

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಸೋಮವಾರ. ಅದರ ಮರುದಿನ ಮಂಗಳವಾರ. ಅಷ್ಟಕ್ಕೇ ಲೆಕ್ಕ ನಿಲ್ಲಿಸಿದೆ.

"ಶಟರ್ ಇವತ್ತೇ ಮೊದಲು ತೆಗೀತಿರೋದಮ್ಮ. ಕೈಯೇ ಬರ್ಲಿಲ್ಲ ಇಷ್ಟು ದಿನ. ಬೀಗದ ಕೈ ಒಂದೇ, ನನ್ನ ಟ್ರಂಕಿನಲ್ಲೇ ಇತ್ತು. ಬನ್ನಿ, ನಿಮ್ಮ ಕೀಲಿ ಇದೆ."

ಬಗ್ಗಿ ಒಳಗೆ ಹೋದೆವು. ಮುಚ್ಚಿಟ್ಟ ಗ್ಯಾರೇಜಿನ ವಾಸನೆ. ಬೆಂಚಿನ ಮೇಲೆ, ಸ್ಪ್ಯಾನರುಗಳ ಮೇಲೆ, ಬುದ್ಧನ ಪಟದ ಚೌಕಟ್ಟಿನ ಮೇಲೆ ತೆಳುವಾದ ಧೂಳು. ಗೋಡೆಯ ಹಲಗೆಯಲ್ಲಿ ಸಾಲಾಗಿ ಮೊಳೆಗಳು, ಒಂದರಲ್ಲಿ ಮಾತ್ರ ಕೀಲಿ. ಅದನ್ನು ತೆಗೆದು ಅವರು ನನ್ನ ಅಂಗೈಯಲ್ಲಿಟ್ಟರು.

ಕೀಲಿಗೆ ಎಂದಿನಂತೆ ಅರಿಶಿನದ ದಾರ, ಮದುವೆ ಕಾಗದದ ಚೀಟಿ. ಪೆನ್ಸಿಲಿನಲ್ಲಿ ಅವರ ದುಂಡಗಿನ ಅಕ್ಷರ: ಮಂ, ಗು, ಶ. ೫-೩೦. ನಾವು ಹೊರಡುವುದು ಆರೂವರೆಗೆ. ಮೇಸ್ತ್ರಿ ತಪ್ಪಾಗಿ ಬರೆದುಕೊಂಡಿದ್ದಾರೆ ಎನಿಸಿತು. ತಿರುವಿ ನೋಡಿದೆ. ಹಿಂಬದಿಯಲ್ಲಿ ಕತ್ತರಿಸಿ ಉಳಿದ ಒಂದೇ ಸಾಲು, 'ಸಕಾಲಕ್ಕೆ ಆಗಮಿಸಿ'.

ಕೀಲಿಯ ತಲೆಯ ಮೇಲೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಆಯಿಲಿನದು. ಮುಟ್ಟಿದರೆ ನನ್ನ ಬೆರಳಿಗೂ ಹತ್ತಿತು. ಹಳೆಯದು ಕಪ್ಪಗಿರುತ್ತದೆ, ಧೂಳು ಹಿಡಿದು ಅಂಟಂಟಾಗಿರುತ್ತದೆ. ಇದು ಜೇನಿನ ಬಣ್ಣದ್ದು, ಸ್ವಚ್ಛ. ನನಗೆ ಗೊತ್ತಿಲ್ಲದೆಯೇ ಹೆಬ್ಬೆಟ್ಟು ತೋರುಬೆರಳಿನ ನಡುವೆ ಇಟ್ಟು ಒತ್ತಿ ಬಿಟ್ಟೆ. ತೆಳ್ಳಗಿತ್ತು. ಬೆಳಗಿನ ಅಂಕಿಯದು.

"ಏನಮ್ಮ?" ಎಂದರು ಅವರು.

"ಏನಿಲ್ಲ," ಎಂದೆ. ಬೆರಳನ್ನು ಸೀರೆಗೆ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಡಬ್ಬಿಯನ್ನು ಅವರ ಕೈಯಲ್ಲಿಟ್ಟು ಬಂದುಬಿಟ್ಟೆ.

ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಮೇಸ್ತ್ರಿ ಹೋದದ್ದನ್ನು ಇವರಿಗೆ ಹೇಳಿದೆ. ಟ್ರಿನಿಟಿ ಸರ್ಕಲ್ಲಿನ ಗದ್ದಲದಲ್ಲಿ ಇವರು ಹೊರಗೆ ನೋಡುತ್ತಾ ಇದ್ದರು. "ಇನ್ನು ಈ ಕಾರಿನ ಮಾತು ಯಾರಿಗೆ ಅರ್ಥ ಆಗತ್ತೆ?" ಎಂದರು. ಆಮೇಲೆ, ನನ್ನ ಮುಖ ನೋಡದೆ, "ಮಾರಿಬಿಡೋಣ ಅಂದ್ರೆ ಮಾರಿಬಿಡೋಣ. ನಂಗೋಸ್ಕರ ಎಷ್ಟು ದಿನ ಅಂತ ಎಣಿಸ್ಕೊಂಡು ಕೂತಿರ್ತೀಯಾ ನೀನು." ಆ ಮಾತಿನಲ್ಲಿದ್ದದ್ದು ಕಾರು ಮಾತ್ರವಲ್ಲ ಎಂದು ನಮ್ಮಿಬ್ಬರಿಗೂ ತಿಳಿದಿತ್ತು. ಮೇಸ್ತ್ರಿ ಇಲ್ಲದೆ ನಾಲ್ಕು ಐದಾಗುವುದಕ್ಕೆ, ಐದು ಹತ್ತಾಗುವುದಕ್ಕೆ ಎಷ್ಟು ದಿನ ಬೇಕು? ಸೋಮವಾರ ಯಾರನ್ನಾದರೂ ಕರೆಸಿ ಕಾರು ತೋರಿಸುವುದು, ಇನ್ನು ಇದನ್ನು ಓಡಿಸುವುದು ಸಾಕು ಎಂದರೆ ಮಾರಿಬಿಡುವುದು ಎಂದು ಮನೆ ಮುಟ್ಟುವಷ್ಟರಲ್ಲಿ ನಾನೂ ಒಪ್ಪಿಕೊಂಡಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶರಣಮ್ಮ ಬಂದಳು. ನಾನು ಅಡುಗೆಮನೆಯಲ್ಲಿ ಆ ಎರಡು ಕೀಲಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅವಳು ಬಾಗಿಲ ಹತ್ತಿರವೇ ನಿಂತು ಮೊಬೈಲ್ ಚಾಚಿದಳು.

"ಅಕ್ಕೋರೆ, ಇದರಾಗ ಮುಂಜಾನಿ ಐದೂವರಿಗಿ ಅಲಾರಂ ಇಟ್ಟು ಕೊಡ್ರಿ. ನಾಳಿ ಊರಿಂದ ನಮ್ಮವ್ವ ಬರ್ತಾಳ, ಬಸ್ಸಿಗಿ ಹೋಗ್ಬೇಕು."

"ಇಷ್ಟು ದಿನ ಅಲಾರಂ ಇಲ್ದೆ ಹೇಗೆ ಏಳ್ತಿದ್ದೆ?" ಎಂದೆ, ಮೊಬೈಲಿನ ಅಂಕಿ ಒತ್ತುತ್ತಾ.

"ಮಂಗಳಾರ, ಗುರುವಾರ, ಶನಿವಾರ ನನಗ ಚಿಂತಿನೇ ಇಲ್ರಿ ಈಗೆರಡು ವಾರದಿಂದ. ಐದೂವರಿಗಿ ನೀವು ಬಂದು ಗಾಡಿ ಎರಡು ಸಲ ಬರೇ ಕರ್ರ್ ಅಂತ ತಿರುಗಿಸಿ, ಆಮ್ಯಾಲೆ ಐದು ಮಿನಿಟು ಚಾಲೂ ಇಟ್ಟು ಬಂದ್ ಮಾಡ್ತೀರಲ್ಲ, ಆ ಸಪ್ಪಳಕ್ಕೇ ಎಚ್ಚರ ಆಗ್ತದ. ನಾಳಿ ಆಯ್ತವಾರ ನೋಡ್ರಿ, ಅದಕ್ಕ ಕೇಳ್ದೆ."